ತಾಯಮ್ಮ, ಬಿ.ಎ.

ದಿಲ್‌ಮಾಯಾಳನ್ನು ನೋಂದಣಿ ಕಚೇರಿಗೆ ಕರೆದುಕೊಂಡು ಹೋದವಳು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಊರಲ್ಲಿ ಈ ಮಾತು ಹತ್ತು ಬಾಯಿ ಸುತ್ತಿ, ಕೊನೆಗೆ ಅವಳೇ ಕಳ್ಳದಾರಿಯಲ್ಲಿ ನುಗ್ಗಿ ದಫ್ತರ ತಿದ್ದಿಸಿದಳು ಎಂಬಲ್ಲಿಗೆ ಬಂದು ನಿಂತಿತ್ತು. ಹಾಗೇನೂ ಆಗಲಿಲ್ಲ. ಅವಳ ಗಂಡ ನಮ್ಮ ಹಿಟ್ಟಿನ ಗಿರಣಿಯ ಪಕ್ಕದ ಮಳಿಗೆಯಲ್ಲಿ ಬೇಕರಿ ತೆರೆದಿದ್ದ. ಹಿಮ ಬೀಳುವ ಬೆಟ್ಟಗಳ ಕಡೆಯವರು. ಬಂದು ವಾರವಾಗಿರಲಿಲ್ಲ, ಒಂದು ಬೆಳಿಗ್ಗೆ ಅವಳು ಬಿಸಿ ಬನ್ನು ಹಿಡಿದುಕೊಂಡು ಬಂದು, ಹಿಂದಿನ ಊರಿನಲ್ಲಿ ಎರಡು ವರ್ಷ ಕಲಿತ ಕನ್ನಡದಲ್ಲಿ, "ದೀದಿ, ಆಫೀಸಿಗೆ ಹೋಗಬೇಕಂತೆ. ನೀನೂ ಬಾ," ಎಂದಳು. ಹೊಸಬರು ಎಂಟು ದಿನದೊಳಗೆ ದಫ್ತರಕ್ಕೆ ಸೇರಬೇಕು ಎಂಬುದು ನಮ್ಮೂರಿನ ಕಾನೂನು. ನಾನು ಸೆರಗಿನ ಹಿಟ್ಟು ಕೊಡವಿಕೊಂಡು, "ಇರೋ ಕಾಗದಾನೆಲ್ಲ ತಗೊಂಡು ಬಾ. ಒಂದು ಬಿಟ್ರೆ ಮತ್ತೆ ಓಡಾಡಿಸ್ತಾರೆ," ಎಂದೆ. ಆ ಒಂದು ಮಾತು ನನ್ನ ಬಾಯಿಂದ ಬರದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ನೋಂದಣಿ ಗುಮಾಸ್ತ ಚನ್ನಮಲ್ಲಯ್ಯ ಕೆಟ್ಟ ಮನುಷ್ಯನಲ್ಲ. ಮೂವರು ಹೆಣ್ಣುಮಕ್ಕಳ ತಂದೆ, ಹಣೆಯ ತುಂಬ ವಿಭೂತಿ, ಮಾತು ಮೆತ್ತಗೆ. ನಿಯಮ ಬಿಟ್ಟರೆ ಬೇರೆ ಚಟವಿಲ್ಲ. ಅವನ ಬೆನ್ನ ಹಿಂದಿನ ಬೀರುಗಳಲ್ಲಿ ಊರಿನ ಗಂಡಸರ ಹೆಸರು ತುಂಬಿದ ನಲವತ್ತು ದಪ್ಪ ಪುಸ್ತಕಗಳಿವೆ. ಹೆಂಗಸರದು ಒಂದೇ ಪುಸ್ತಕ, ಅದರಲ್ಲಿ ಒಂದೇ ಹಾಳೆ, ಹಾಳೆಯಲ್ಲಿ ಒಂದೇ ಸಾಲು. ಹೆಸರು, ತಾಯಮ್ಮ. ವಯಸ್ಸು, ಬೆಳೆಯುತ್ತಿದೆ. ವಿದ್ಯೆ, ಒಂಬತ್ತನೇ ತರಗತಿ ಪಾಸು. ನಾನೂ ತಾಯಮ್ಮ, ನಮ್ಮತ್ತೆಯೂ ತಾಯಮ್ಮ, ನನ್ನ ಹದಿನೈದು ವರ್ಷದ ಮಗಳು ವಾರಿಜಳೂ ತಾಯಮ್ಮ, ನಿನ್ನೆ ಹುಟ್ಟಿದ ಹೆಣ್ಣುಕೂಸೂ ತಾಯಮ್ಮ. ಮನೆಯೊಳಗೆ ಯಾರನ್ನು ಏನೆಂದು ಬೇಕಾದರೂ ಕರೆದುಕೊಳ್ಳಲಿ, ಅದಕ್ಕೆ ದಫ್ತರ ಅಡ್ಡ ಬರುವುದಿಲ್ಲ. ನನ್ನನ್ನು ತವರಿನಲ್ಲಿ ಪಂಕಜಾಕ್ಷಿ ಎನ್ನುತ್ತಿದ್ದರು. ಅಂಚೆಯವನು ತಾಯಮ್ಮನ ಹೆಸರಿಗೆ ಬಂದ ಕಾಗದಗಳನ್ನೆಲ್ಲ ಬಾವಿಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದ. ಒಬ್ಬೊಬ್ಬರಾಗಿ ಓದುತ್ತಿದ್ದೆವು. ಯಾರಿಗೆ ಅಳು ಬಂತೋ ಅವಳು ತನ್ನದೆಂದು ಮಡಚಿಕೊಂಡು ಹೋಗುತ್ತಿದ್ದಳು. ಅಷ್ಟರ ಮಟ್ಟಿಗೆ ಹೊಂದಿಕೊಂಡಿದ್ದೆವು.

ದಿಲ್‌ಮಾಯಾ ನೀಲಿ ಪ್ಲಾಸ್ಟಿಕ್ ಫೈಲು ಬಿಚ್ಚಿ ಒಂದೊಂದೇ ಕಾಗದ ಕೊಟ್ಟಳು. ಕೊನೆಯದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಚನ್ನಮಲ್ಲಯ್ಯ ಕನ್ನಡಕ ಏರಿಸಿ ಅದನ್ನು ಓದಿದ, ಇನ್ನೊಮ್ಮೆ ಓದಿದ, ಎದ್ದು ನಿಂತು ಓದಿದ. ಆಮೇಲೆ ಕೂತು, ಕೆಂಪು ಶಾಯಿಯಲ್ಲಿ ಅದರ ಮೇಲಿದ್ದ ಹೆಸರನ್ನು ಹೊಡೆದುಹಾಕಿ ಮೇಲೆ 'ತಾಯಮ್ಮ' ಎಂದು ದುಂಡಗೆ ಬರೆದ. ಹೆಂಗಸರ ಪುಸ್ತಕ ತೆಗೆದು 'ಒಂಬತ್ತನೇ ತರಗತಿ' ಅಳಿಸಿ 'ಬಿ.ಎ.' ಎಂದು ಬರೆದ.

"ನನ್ನ ಹೆಸರು ಯಾಕೆ ತೆಗೆದೆ?" ಎಂದು ದಿಲ್‌ಮಾಯಾ ಕೇಳಿದಳು. ಅವಳ ಕನ್ನಡದಲ್ಲಿ 'ನೀವು' ಇರಲಿಲ್ಲ.

"ತೆಗೆದಿಲ್ಲ ತಾಯಿ, ಸೇರಿಸಿದ್ದೀನಿ," ಎಂದ ಚನ್ನಮಲ್ಲಯ್ಯ.

ಅವಳು ಮನೆ ತಲುಪುವವರೆಗೂ ಅಳುತ್ತಲೇ ಬಂದಳು. ಹೆಸರಿಗಾಗಿ ಅಷ್ಟೊಂದು ಅಳುವುದೇನು ಎಂದು ನನಗೆ ತಿಳಿಯಲಿಲ್ಲ. "ನಿನ್ನ ಗಂಡ ಮನೇಲಿ ಅದೇ ಹೆಸರಿಟ್ಟು ಕರೀತಾನಲ್ಲ, ಬಿಡು," ಎಂದು ಸಮಾಧಾನ ಮಾಡಿದೆ. ಆ ಹೊತ್ತಿಗೆ ನನ್ನ ತಲೆಯಲ್ಲಿ ಬೇರೆಯದೇ ತಿರುಗತೊಡಗಿತ್ತು. ಬಿ.ಎ. ಎಂದು ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅದರ ಅರ್ಥ ಪೂರ್ತಿ ಇಳಿಯುವಷ್ಟರಲ್ಲಿ ಗಿರಣಿಯ ಬಾಗಿಲಿಗೆ ಬಂದಿದ್ದೆ. ಅಲ್ಲೇ ರಾಗಿ ಚೀಲದ ಮೇಲೆ ಕೂತುಬಿಟ್ಟೆ.

ನಮ್ಮೂರಿನ ಶಾಲೆಯಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಯಾರೂ ಎಂದೂ ಹೇಳಿಲ್ಲ. ತಾಯಮ್ಮ ಓದಿ ಮುಗಿಸಿದ ತರಗತಿಗೆ ತಾಯಮ್ಮನನ್ನು ಮತ್ತೆ ಸೇರಿಸುವುದು ಹೇಗೆ ಎನ್ನುತ್ತಾರೆ, ಅಷ್ಟೇ. ಯಾವಳೋ ಪುಣ್ಯಾತ್ಗಿತ್ತಿ ಯಾವ ಕಾಲದಲ್ಲೋ ಒಂದನೇ ತರಗತಿ ಪಾಸಾದಳು, ಊರಿನ ಹೆಣ್ಣುಮಕ್ಕಳಿಗೆಲ್ಲ ಒಂದನೇ ತರಗತಿ ಮುಚ್ಚಿತು. ಹಾಗೆ ಒಂದೊಂದೇ ಮೆಟ್ಟಿಲು ಕಿತ್ತುಹೋಗಿ, ನಾನು ಹುಟ್ಟುವ ಹೊತ್ತಿಗೆ ಒಂಬತ್ತರವರೆಗೂ ಬಾಗಿಲು ಹಾಕಿತ್ತು. ಉಳಿದದ್ದು ಹತ್ತನೇ ತರಗತಿ ಒಂದು. ಅಲ್ಲಿಗೆ ತಲುಪಬೇಕಾದರೆ ಮೊದಲ ಒಂಬತ್ತನ್ನೂ ಮನೆಯಲ್ಲೇ ಕಲಿತು ಹೋಗಬೇಕು. ಕಲಿಸುವುದು ನಾವೇ. ಮಗ್ಗಿಗಳನ್ನು ನಮ್ಮ ಗಿರಣಿಯಲ್ಲಿ ಕಲಿಸುತ್ತಿದ್ದೆವು, ಯಂತ್ರದ ಸದ್ದಿಗೆ ಮಕ್ಕಳು ಕಿರುಚಿ ಹೇಳಬೇಕಾಗುತ್ತಿದ್ದರಿಂದ ನಮ್ಮೂರಿನ ಹೆಂಗಸರು ಇವತ್ತಿಗೂ ಲೆಕ್ಕ ಹೇಳುವಾಗ ಜಗಳಕ್ಕೆ ಬಿದ್ದವರಂತೆ ಕೇಳಿಸುತ್ತಾರೆ. ಭಿನ್ನರಾಶಿಯಿಂದ ಮೇಲಿನದೆಲ್ಲ ದರ್ಜಿ ಜುಲೇಖಾಬಿಯದು. ನಾವೆಲ್ಲ ಅವರನ್ನು ಬೂಬಮ್ಮ ಎನ್ನುತ್ತೇವೆ. ಎಪ್ಪತ್ತು ದಾಟಿದ ಅವರು ಜನ್ಮದಲ್ಲಿ ಶಾಲೆಯ ಬೆಂಚು ಮುಟ್ಟಿದವರಲ್ಲ. ಅಳತೆ ಪಟ್ಟಿ, ಸೀಮೆಸುಣ್ಣದ ಬಿಲ್ಲೆ, ಕತ್ತರಿ, ಇಷ್ಟರಲ್ಲೇ ಮೂರು ತಲೆಮಾರಿಗೆ ರೇಖಾಗಣಿತ ಕಲಿಸಿದವರು.

ಹೀಗೆ ಕಲಿತು ಹದಿನೈದಕ್ಕೆ ಹತ್ತನೇ ತರಗತಿಗೆ ಕಾಲಿಟ್ಟ ಹುಡುಗಿಗೆ ಶಾಲೆ ಸಿಗುವುದು ಒಂದೇ ವರ್ಷ. ವರ್ಷದ ಕೊನೆಗೆ ಅವಳು ಫೇಲಾಗಬೇಕು. ಆ ವರ್ಷದ ಮೂವತ್ತು ನಲವತ್ತು ಹುಡುಗಿಯರಲ್ಲಿ ಒಬ್ಬಳು ಅಪ್ಪಿತಪ್ಪಿ ಪಾಸಾದರೂ ತಾಯಮ್ಮ ಹತ್ತು ಪಾಸಾದಂತೆ, ಚಿಕ್ಕವರಿಗೆ ಆ ಬಾಗಿಲೂ ಹಾಕಿದಂತೆ. ಅದಕ್ಕೆ ಹಿರಿಯ ಹೆಂಗಸರು ಕೂತು ಗಣಿತದಲ್ಲಿ ಫೇಲಾಗುವುದು ಎಂದು ಗೊತ್ತುಮಾಡಿದ್ದರು. ಪಾಸಿಗೆ ಮೂವತ್ತೈದು ಬೇಕು. ಬೂಬಮ್ಮ, "ಇಪ್ಪತ್ತು ಸಾಕು ಬೇಟಿ, ಜಾಸ್ತಿ ಜಾಣತನ ಬೇಡ," ಎನ್ನುತ್ತಿದ್ದರು. ಆದರೆ ಹದಿನೈದರ ವಯಸ್ಸು ಕೇಳಬೇಕಲ್ಲ. ಸರಿಯಾಗಿ ಮೂವತ್ತನಾಲ್ಕು ತೆಗೆದವಳಿಗೆ ನಮ್ಮಲ್ಲಿ ಗೌರವ. ಎಲ್ಲವೂ ಬರುವವಳಿಗೆ ಮಾತ್ರ ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಿರುತ್ತದೆ. ನನ್ನ ಅಂಕಪಟ್ಟಿಯಲ್ಲಿ ಕನ್ನಡಕ್ಕೆ ತೊಂಬತ್ತೊಂದು, ವಿಜ್ಞಾನಕ್ಕೆ ಎಂಬತ್ತೆಂಟು, ಗಣಿತಕ್ಕೆ ಮೂವತ್ತನಾಲ್ಕು. ಹೆಡ್‌ಮಾಸ್ಟರ್ ಅನಂತಶಯನ ಅವರು ಪ್ರತಿ ವರ್ಷ ವಾರ್ಷಿಕೋತ್ಸವದಲ್ಲಿ, ಹೆಣ್ಣಿನ ಮೆದುಳಿಗೆ ಗಣಿತ ಏಕೆ ಹತ್ತುವುದಿಲ್ಲ ಎಂಬುದರ ಮೇಲೆ ಮುಕ್ಕಾಲು ಗಂಟೆ ಮಾತಾಡುತ್ತಿದ್ದರು. ನಾವು ಹಿಂದಿನ ಸಾಲಿನಲ್ಲಿ ಕೂತು ಅವರು ಹೇಳುವ ಶೇಕಡಾವಾರಿನ ತಪ್ಪುಗಳನ್ನು ಎಣಿಸುತ್ತಿದ್ದೆವು.

ಮರುದಿನ ಹನ್ನೊಂದು ಗಂಟೆಗೆ ವಾರಿಜ ಶಾಲೆಯಿಂದ ವಾಪಸು ಬಂದಳು. ಅವಳ ಹಿಂದೆ ಇನ್ನೂ ಮೂವತ್ತೆಂಟು ಹುಡುಗಿಯರು. ಜೂನ್‌ನಲ್ಲಿ ಸೇರಿದ್ದವರು, ಇನ್ನೂ ಅರ್ಧ ವರ್ಷವಷ್ಟೇ ಮುಗಿದಿತ್ತು. ವಾರಿಜ ಚೀಲವನ್ನು ಮೂಲೆಗೆ ಇಟ್ಟು, "ಬಿ.ಎ. ಆದವರಿಗೆ ಇಲ್ಲೇನು ಕೆಲಸ, ಮನೆಗೆ ಹೋಗ್ರಮ್ಮ ಅಂದ್ರು ಹೆಡ್‌ಮಾಸ್ಟ್ರು," ಎಂದಳು. ಆಮೇಲೆ ನನ್ನ ಮುಖ ನೋಡದೆ, "ಆಫೀಸಿಗೆ ಅವರನ್ನ ಕರ್ಕೊಂಡು ಹೋಗಿದ್ದು ನೀನಂತೆ?" ಎಂದು ಕೇಳಿದಳು. ನಾನು ಹೌದೆಂದೆ. ಮುಂದೆ ಹನ್ನೆರಡು ದಿನ ಅವಳು ನನ್ನೊಡನೆ ಮಾತಾಡಲಿಲ್ಲ.

ಊರಿನ ಹೆಂಗಸರು ಬೇಕರಿಗೆ ಹೋಗುವುದನ್ನು ನಿಲ್ಲಿಸಿದರು. ಗಂಡಸರು ಹೋಗುತ್ತಿದ್ದರು. ಅವರಿಗೆ ಈ ಬದಲಾವಣೆ ಇಷ್ಟವೇ ಆಗಿತ್ತು. ಮದುವೆಯ ಕರೆಯೋಲೆಗಳಲ್ಲಿ 'ಚಿ. ಸೌ. ತಾಯಮ್ಮ, ಬಿ.ಎ.' ಎಂದು ಅಚ್ಚು ಹಾಕಿಸತೊಡಗಿದರು. ನನ್ನ ಗಂಡ ರೇವಣ್ಣ ಗಿರಣಿಗೆ ಬಂದವರ ಮುಂದೆ, "ನಮ್ಮನೇಲಿ ಮೂರು ಜನ ಗ್ರಾಜುಯೇಟು," ಎಂದು ಹೇಳಿಕೊಂಡ. ಮೂರನೆಯವರು ಅವನ ತಾಯಿ, ಕಣ್ಣು ಮಂಜಾಗಿ ಐದು ವರ್ಷವಾದವರು.

ಒಂದು ಮಧ್ಯಾಹ್ನ ದಿಲ್‌ಮಾಯಾ ಗಿರಣಿಗೆ ಬಂದಳು. ಮೈದಾ ಚೀಲಕ್ಕೆಂದು ಬಂದವಳು ಚೀಲ ಎತ್ತದೆ ನಿಂತಳು. ಬೂಬಮ್ಮನೂ ಅಲ್ಲೇ ಇದ್ದರು, ವಾರಿಜ ಜರಡಿ ಹಿಡಿದಿದ್ದಳು. "ನನ್ನನ್ನು ನೋಡಿ ಎಲ್ಲ ಆ ಕಡೆ ತಿರುಗುತ್ತಾರೆ. ನಾನು ಏನು ಮಾಡಿದೆ? ಹೇಳು ದೀದಿ," ಎಂದಳು. ನಾನು ಯಂತ್ರ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಮೂವತ್ತನಾಲ್ಕರ ವಿಷಯವನ್ನೂ ಹೇಳಿದೆ. ಹೊರಗಿನವರಿಗೆ ಅದನ್ನು ಹೇಳಿದ್ದು ಅದೇ ಮೊದಲು. ಬೂಬಮ್ಮ ಕೆಮ್ಮಿದರು, ಆದರೆ ತಡೆಯಲಿಲ್ಲ.

ದಿಲ್‌ಮಾಯಾ ಗೋಡೆಗೆ ಒರಗಿ ಕೂತಳು. ಆಮೇಲೆ ತನ್ನೂರಿನ ಮಾತು ತೆಗೆದಳು. ಅವಳ ಊರಿನಲ್ಲಿ ಹತ್ತರ ಆಚೆ ಓದಬೇಕೆಂದರೆ ಎರಡು ದಿನ ನಡೆದು ಪೇಟೆಗೆ ಇಳಿಯಬೇಕು. ಹೆಣ್ಣುಮಗಳನ್ನು ಯಾರು ಕಳಿಸುತ್ತಾರೆ? ಅವಳ ತಾಯಿ ಕುರಿಯ ಉಣ್ಣೆ ಹಂಚಿದಳಂತೆ. ಇಪ್ಪತ್ತಾರು ಹೆಂಗಸರು ಮೂರು ಚಳಿಗಾಲ ಕೂತು ಸ್ವೆಟರ್ ಹೆಣೆದರಂತೆ. ಅದನ್ನು ಮಾರಿ ಅವಳ ಕಾಲೇಜು ನಡೆಯಿತು. "ನನ್ನ ಬಿ.ಎ. ನನ್ನೊಬ್ಬಳದು ಅಲ್ಲ. ಇಪ್ಪತ್ತಾರು ಜನದ್ದು. ಅವರಿಗೆ ಓದಕ್ಕೆ ಬರಲ್ಲ. ಸರ್ಟಿಫಿಕೇಟಲ್ಲಿ ನನ್ನ ಹೆಸರು ಎಲ್ಲಿದೆ ಅಂತ ಬೆರಳು ಇಟ್ಟು ತೋರಿಸಿದೆ. ಅಷ್ಟು ಒಂದು ಅವರಿಗೆ ಗೊತ್ತು. ಈಗ ಅಲ್ಲಿ ಬೇರೆ ಹೆಸರು ಇದೆ," ಎಂದಳು.

ಅವಳು ಕಚೇರಿಯಿಂದ ಅಳುತ್ತಾ ಬಂದದ್ದು ಏಕೆಂದು ನನಗೆ ಆಗ ತಿಳಿಯಿತು. ನಾಚಿಕೆಯಾಯಿತು. ಅವಳ ಚೀಲಕ್ಕೆ ಒಂದು ಸೇರು ಹೆಚ್ಚಿಗೆ ಹಾಕಿದೆ.

ವಾರಿಜ ಹನ್ನೆರಡು ದಿನದ ಮೌನ ಮುರಿದದ್ದು ಆಗಲೇ, ಅದೂ ದಿಲ್‌ಮಾಯಾಳ ಕಡೆ ತಿರುಗಿ. "ನಿಮ್ಮದು ಹೆಸರು ಹೋಯ್ತು, ನಮ್ಮದು ಶಾಲೆ ಹೋಯ್ತು. ಬಿ.ಎ. ಆದವರಿಗೆ ಶಾಲೇಲಿ ಕೆಲಸ ಇಲ್ಲವಂತೆ."

"ಕೆಲಸ ಇದೆ," ಎಂದಳು ದಿಲ್‌ಮಾಯಾ. "ಟೀಚರ್ ಕೆಲಸ."

ಬೂಬಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಅಗಿಯುವುದು ನಿಲ್ಲಿಸಿದರು. ಶಾಲೆಯಲ್ಲಿ ಗಣಿತದ ಮೇಷ್ಟ್ರ ಹುದ್ದೆ ನಾಲ್ಕು ವರ್ಷದಿಂದ ಖಾಲಿ ಬಿದ್ದಿತ್ತು. ಊರಿನ ಪದವೀಧರರು ಯಾರು ಅರ್ಜಿ ಹಾಕಿದರೂ ಕೊಡತಕ್ಕದ್ದು ಎಂದು ನಿಯಮವಿತ್ತು. ಪದವೀಧರರಾದ ಗಂಡಸರು ಊರಿನಲ್ಲಿ ಇರಲಿಲ್ಲ. ಬೂಬಮ್ಮ ವಾರಿಜಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ತಮ್ಮಷ್ಟಕ್ಕೆ ಎಂಬಂತೆ, "ತಾಯಮ್ಮ ಒಬ್ಬಳೇ ಅಲ್ವಾ? ಹಂಗಾದ್ರೆ ಟೀಚರ್ ತಾಯಮ್ಮನೂ ಒಬ್ಬಳೇ," ಎಂದರು.

ಅರ್ಜಿಯನ್ನು ದಿಲ್‌ಮಾಯಾ ಬರೆದಳು, ಕಾಗುಣಿತವನ್ನು ವಾರಿಜ ತಿದ್ದಿದಳು, ಸಹಿಯನ್ನು ಬೂಬಮ್ಮ ಹಾಕಿದರು. ಚನ್ನಮಲ್ಲಯ್ಯ ಪುಸ್ತಕ ತೆಗೆದು ನೋಡಿ, ಅರ್ಜಿದಾರಳು ಪದವೀಧರೆ ಎಂದು ದೃಢೀಕರಿಸಿ ಮೊಹರು ಒತ್ತಿದ. ಹದಿನೆಂಟನೇ ದಿನಕ್ಕೆ ಮೇಲಿನಿಂದ ನೇಮಕದ ಆದೇಶ ಬಂತು.

ಡಿಸೆಂಬರ್ ಮೊದಲ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಗಣಿತದ ಶಿಕ್ಷಕಿ ತಾಯಮ್ಮ, ಬಿ.ಎ., ಕೆಲಸಕ್ಕೆ ಹಾಜರಾದಳು. ಮೂವತ್ತೊಂಬತ್ತು ಹುಡುಗಿಯರು, ಅವರಿಗಿಂತ ಚಿಕ್ಕವರು ಅರವತ್ತೇಳು, ದಿಲ್‌ಮಾಯಾ, ಬೂಬಮ್ಮ, ನಾನು, ಮತ್ತೆ ಅಂದು ಮನೆಯಲ್ಲಿ ಕೆಲಸ ಕಡಿಮೆಯಿದ್ದ ಹತ್ತಾರು ಹೆಂಗಸರು. ಅನಂತಶಯನರು ಗೇಟಿನ ಹತ್ತಿರವೇ ತಡೆದು, "ಇದರಲ್ಲಿ ತಾಯಮ್ಮ ಯಾರು?" ಎಂದರು. ನಾವು ಉತ್ತರ ಹೇಳುವ ಮೊದಲೇ ಅವರಿಗೆ ತಮ್ಮ ಪ್ರಶ್ನೆಯ ಕಷ್ಟ ಗೊತ್ತಾಯಿತು. ಚನ್ನಮಲ್ಲಯ್ಯನನ್ನು ಕರೆಸಿದರು. ಅವನು ಬಂದು ನಮ್ಮನ್ನೆಲ್ಲ ಒಂದು ಸಲ ಕಣ್ಣಾಡಿಸಿ, ತನ್ನ ಮೂವರು ಮಕ್ಕಳು ಮುಂದಿನ ಸಾಲಿನಲ್ಲೇ ಇದ್ದದ್ದನ್ನು ನೋಡಿ, "ದಾಖಲೆ ಪ್ರಕಾರ ಒಬ್ಬರೇ ಬಂದಿದ್ದಾರೆ ಸಾರ್," ಎಂದ. ಹೆಡ್‌ಮಾಸ್ಟರ್ ಹಾಜರಿ ಪುಸ್ತಕದಲ್ಲಿ ಒಂದು ಗೆರೆ ಎಳೆದರು.

ಬೆಂಚಿನ ಮೇಲೆ ಕೂರುವಂತಿರಲಿಲ್ಲ, ಅದು ವಿದ್ಯಾರ್ಥಿಗಳದು. ಮೇಷ್ಟ್ರ ಕಟ್ಟೆಯ ಮೇಲೆ ಕೂತೆವು. ಹತ್ತು ತರಗತಿಗೂ ಹಂಚಿಕೊಂಡು ಹೋದೆವು. ಒಂದನೇ ತರಗತಿಯ ಗಂಡುಮಕ್ಕಳು ತಮ್ಮಷ್ಟೇ ಎತ್ತರದ ಹತ್ತು ಟೀಚರುಗಳು ಒಳಗೆ ಬಂದಾಗ ಎದ್ದುನಿಂತು ನಮಸ್ಕಾರ ಹೇಳಿದರು. ಟೀಚರುಗಳಲ್ಲಿ ಇಬ್ಬರು ಮೂತ್ರಕ್ಕೆ ಹೋಗಬೇಕೆಂದು ಕೈ ಎತ್ತಿ, ಯಾರನ್ನು ಕೇಳಬೇಕೆಂದು ತಿಳಿಯದೆ ನಿಂತರು. ಮೊದಲ ವಾರ ಊರಿನ ತಂದೆಯಂದಿರು ಗೊಣಗಿದರು. ಎರಡನೇ ವಾರ ಹುಡುಗರ ಮಗ್ಗಿ ಇಪ್ಪತ್ತರವರೆಗೆ ಹೋಯಿತು, ಗೊಣಗುವುದು ನಿಂತಿತು. ಹತ್ತನೇ ತರಗತಿಯಲ್ಲಿ ಪಾಠ ಹೇಳುತ್ತಿದ್ದವಳು ದಿಲ್‌ಮಾಯಾ. ಸಮಾಜ, ಇಂಗ್ಲಿಷು, ಭೂಗೋಳ ಎಲ್ಲವನ್ನೂ ಕಟ್ಟೆಯ ಮೇಲೆ ಕೂತ ವಾರಿಜಳ ಗುಂಪಿನ ಕಡೆಗೆ ತಿರುಗಿಯೇ ಹೇಳುತ್ತಿದ್ದಳು. ಬೆಂಚಿನ ಹುಡುಗರು ಪಕ್ಕದಿಂದ ಕೇಳಿಸಿಕೊಂಡರು. ಗಣಿತ ಬೂಬಮ್ಮನದು. ಪೈಜಾಮದ ಬಟ್ಟೆ ತಂದು ಕೋನ ಕತ್ತರಿಸಿ ತೋರಿಸುತ್ತಿದ್ದರು. ಮೊದಲು ಸರಿಯುತ್ತರ ಹೇಳಿದವನಿಗೆ ಪೈಜಾಮ.

ಫೆಬ್ರವರಿಯಲ್ಲಿ ತಪಾಸಣೆಗೆ ಇನ್‌ಸ್ಪೆಕ್ಟರ್ ಬಂದರು. ಹೊರಗಿನ ಊರಿನವರು, ಹೆಂಗಸು, ಗಂಟುಮೋರೆ, ಕೈಯಲ್ಲಿ ಕೊಡೆ. ಅವರ ಹೆಸರು ಅವರ ಅಂಗಿಯ ಮೇಲೆ ಸಣ್ಣ ತಗಡಿನಲ್ಲಿ ಬರೆದಿತ್ತು. ನಮ್ಮ ಚಿಕ್ಕ ಟೀಚರುಗಳು ಅದನ್ನು ಮುಟ್ಟಿ ಮುಟ್ಟಿ ನೋಡಿದರು. ಹತ್ತು ತರಗತಿಯನ್ನೂ ನೋಡಿ ಬಂದು ಅವರು ಹೆಡ್‌ಮಾಸ್ಟರ್ ಕೋಣೆಯಲ್ಲಿ ಕೂತರು. ಅನಂತಶಯನರು ಬೆವರುತ್ತಿದ್ದರು. ಚನ್ನಮಲ್ಲಯ್ಯ ಪುಸ್ತಕ ಹಿಡಿದು ನಿಂತಿದ್ದ. ನಾನು ಚಹಾ ತಂದಿದ್ದೆ, ಆದ್ದರಿಂದ ಮುಂದಿನದನ್ನು ನನ್ನ ಕಿವಿಯಲ್ಲೇ ಕೇಳಿದೆ.

"ಈ ತಾಯಮ್ಮ ಟೀಚರು ಒಂದೇ ಹೊತ್ತಿಗೆ ಹತ್ತು ತರಗತಿಯಲ್ಲಿ ಪಾಠ ಮಾಡ್ತಾರಲ್ಲ," ಎಂದರು ಮೇಡಂ.

"ದಾಖಲೆ ಪ್ರಕಾರ ಹೌದು ಮೇಡಂ," ಎಂದ ಚನ್ನಮಲ್ಲಯ್ಯ.

"ಇಂಥವರು ದೊಡ್ಡ ಊರಿನ ಶಾಲೆಯಲ್ಲಿ ಇರಬೇಕು. ಅಲ್ಲಿಗೆ ವರ್ಗ ಮಾಡಿಸ್ತೀನಿ. ಆದೇಶ ಬಂದ್ರೆ ಹೋಗಲೇಬೇಕು, ಅಲ್ವಾ?"

"ಆದೇಶ ಅಂದಮೇಲೆ ಹೋಗಲೇಬೇಕು ಮೇಡಂ."

"ತಾಯಮ್ಮ ಅಂದ್ರೆ ತಾಯಮ್ಮ ಪೂರ್ತಿ ಹೋಗ್ಬೇಕು. ಅರ್ಧ ಇಲ್ಲಿ ಉಳಿಯೋ ಹಾಗಿಲ್ಲ, ಅಲ್ವಾ?"

ಚನ್ನಮಲ್ಲಯ್ಯ ನಿಯಮ ನೆನೆದುಕೊಂಡ. "ಉಳಿಯೋ ಹಾಗಿಲ್ಲ ಮೇಡಂ."

ಮೇಡಂ ಚಹಾ ಮುಗಿಸಿ, ಲೋಟವನ್ನು ನನ್ನ ಕೈಗೆ ಕೊಡುತ್ತಾ ನನ್ನನ್ನು ಒಂದು ಗಳಿಗೆ ನೋಡಿದರು. ಮುಖ ಮೊದಲಿನಷ್ಟೇ ಗಂಟಿಕ್ಕಿತ್ತು.

ಆದೇಶ ಮಾರ್ಚಿ ಮೊದಲ ವಾರ ಬಂತು. ಶ್ರೀಮತಿ ತಾಯಮ್ಮ, ಬಿ.ಎ., ಇವರು ಹದಿನೈದು ದಿನಗಳೊಳಗೆ ಮುನ್ನೂರು ಮೈಲಿ ದೂರದ ಊರಿನಲ್ಲಿ ಹಾಜರಾಗತಕ್ಕದ್ದು. ಚನ್ನಮಲ್ಲಯ್ಯ ಅದನ್ನು ಸೂಚನಾ ಫಲಕಕ್ಕೆ ಅಂಟಿಸಿ, ಅದರ ಕೆಳಗೆ, ಹೊರಡಬೇಕಾದವರ ಸಂಖ್ಯೆ ಅಂದಾಜು ಸಾವಿರದ ಇನ್ನೂರು, ಬಸ್ಸಿಗೆ ಬರೆಯಲಾಗಿದೆ ಎಂದು ಸೇರಿಸಿದ. ಗಂಡಸರು ಫಲಕದ ಮುಂದೆ ನಿಂತು ಓದಿ, ತಮಾಷೆ ಎಂದುಕೊಂಡು ನಕ್ಕರು. ಮನೆಗೆ ಬಂದು ನೋಡಿದರೆ ಹೆಂಗಸರು ಟ್ರಂಕು ಕೆಳಗಿಳಿಸಿದ್ದರು.

ನಾವು ನಾಟಕ ಮಾಡುತ್ತಿದ್ದೆವೋ ನಿಜವಾಗಿ ಹೊರಟಿದ್ದೆವೋ, ಇವತ್ತಿಗೂ ನನಗೆ ತಿಳಿಯದು. ಎಂಟು ಸೀರೆ ಮಡಚಿಟ್ಟುಕೊಂಡದ್ದು ನಿಜ. ಹೊಸ ಊರಿನಲ್ಲಿ ನದಿ ಇದೆಯೋ ಕೆರೆ ಇದೆಯೋ ಎಂದು ನಮ್ಮತ್ತೆ ಕೇಳಿದ್ದು ನಿಜ. ರೇವಣ್ಣ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿ, "ಗಿರಣಿ ಯಾರು ನೋಡ್ಕೊಳ್ತಾರೆ?" ಎಂದ. ಸ್ವಲ್ಪ ತಡೆದು, "ನಂಗೆ ಸಾರು ಯಾರು ಮಾಡ್ತಾರೆ?" ಎಂದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಪುರಸಭೆಯ ಕಡೆ ಹೋದ.

ಅಂದೇ ಸಂಜೆ ಗಂಡಸರು ಪುರಸಭೆಯಲ್ಲಿ ಸೇರಿದರು. ಬಿ.ಎ. ಓದಿದವಳೊಬ್ಬಳೇ ಹೋಗಲಿ ಎಂದು ಒಬ್ಬ ಹೇಳಿದ. ಅವಳು ಯಾರೆಂದು ದಫ್ತರ ಹೇಗೆ ಹೇಳುತ್ತದೆ ಎಂದು ಚನ್ನಮಲ್ಲಯ್ಯ ಕೇಳಿದ. ಹಾಗಾದರೆ ಒಬ್ಬೊಬ್ಬರಿಗೂ ಒಂದೊಂದು ಸಾಲು ಕೊಟ್ಟು ಬೇರೆ ಬೇರೆ ಹೆಸರು ಬರಿ ಎಂದರು. ಅಜ್ಜ ಮುತ್ತಜ್ಜಂದಿರ ಕಾಲದಿಂದ ಆಗದೆ ಇದ್ದದ್ದು, ಕೇಳಿದ ಹೆಂಗಸರಿಗೆಲ್ಲ ಪುಸ್ತಕ ಸಾಲದು, ಶಾಯಿ ಸಾಲದು ಎಂದು ಉತ್ತರ ಸಿಗುತ್ತಿದ್ದದ್ದು, ಮುಕ್ಕಾಲು ಗಂಟೆಯಲ್ಲಿ ಪಾಸಾಯಿತು. ಹದಿನಾರು ಹೊಸ ಪುಸ್ತಕ ತರಿಸಲು ಅಲ್ಲೇ ಹೇಳಿದರು.

ಆದರೆ ನಮಗೆ ಅದು ಅಷ್ಟು ಸುಲಭವಾಗಿರಲಿಲ್ಲ. ಮರುದಿನ ಗಿರಣಿಯಲ್ಲಿ ಹೆಂಗಸರು ಸೇರಿದಾಗ ಅರ್ಧಕ್ಕರ್ಧ ಜನ ಬೇಡವೆಂದರು. ಬೇರೆ ಬೇರೆ ಸಾಲು ಬರೆದರೆ ಬಿ.ಎ. ದಿಲ್‌ಮಾಯಾಳ ಸಾಲಿಗೆ ಹೋಗುತ್ತದೆ. ಉಳಿದವರ ವಿದ್ಯೆಯ ಜಾಗದಲ್ಲಿ ಚನ್ನಮಲ್ಲಯ್ಯ ಏನು ಬರೆದಾನು? ಯಾರು ಯಾವ ತರಗತಿ ಪಾಸಾದರು ಎಂಬುದಕ್ಕೆ ಸಾಕ್ಷಿ ಎಲ್ಲಿದೆ? ನಮ್ಮ ಅಂಕಪಟ್ಟಿಗಳ ಮೇಲೂ ತಾಯಮ್ಮ ಎಂದೇ ಇದೆ. 'ಏನೂ ಇಲ್ಲ' ಎಂದು ಬರೆಯುತ್ತಾನೆ. ನಾನೂ ಹಿಂಜರಿದೆ. ನಾಲ್ಕು ತಿಂಗಳು ಬಿ.ಎ. ಆಗಿದ್ದವಳಿಗೆ ಮೂವತ್ತೆಂಟನೇ ವಯಸ್ಸಿನಲ್ಲಿ ಅನಕ್ಷರಸ್ಥೆ ಎನಿಸಿಕೊಳ್ಳುವುದು ಇಷ್ಟವಾಗಲಿಲ್ಲ. ಅದು ನನ್ನದಲ್ಲ ಎಂದು ಗೊತ್ತಿದ್ದೂ ಇಷ್ಟವಾಗಲಿಲ್ಲ.

ದಿಲ್‌ಮಾಯಾ ಮೂಲೆಯಲ್ಲಿ ಕೂತಿದ್ದಳು. "ನನ್ನ ಬಿ.ಎ. ನೀವೇ ಇಟ್ಟುಕೊಳ್ಳಿ," ಎಂದಳು. ಅವಳ ಬಾಯಲ್ಲಿ 'ನೀವು' ಕೇಳಿದ್ದು ಅದೇ ಮೊದಲು. "ಇಪ್ಪತ್ತಾರು ಜನದ್ದು, ಸಾವಿರ ಜನದ್ದು ಆದರೆ ಏನು? ಅವರು ಬೇಡ ಅನ್ನಲ್ಲ. ಹೆಸರು ಮಾತ್ರ ನನಗೆ ಬೇಕು."

ಬೂಬಮ್ಮ ಎದ್ದು ನಿಂತರು. "ಎಲ್ಲ ಹೋಗಿ ಏನೂ ಇಲ್ಲ ಅಂತ ಬರೆದ್ರೆ ಏನಾಗುತ್ತೆ, ಯೋಚನೆ ಮಾಡಿದ್ರಾ? ಏನೂ ಓದದೆ ಇದ್ದವಳನ್ನ ಒಂದನೇ ಕ್ಲಾಸಿಗೆ ಸೇರಿಸ್ಕೊಳ್ಳಲೇಬೇಕು. ಬಾಗಿಲು ಒಂದೂ ಮುಚ್ಚಲ್ಲ, ಹತ್ತೂ ತೆರೆಯುತ್ತೆ. ಒಬ್ಬಳು ಪಾಸಾದ್ರೆ ಇನ್ನೊಬ್ಬಳಿಗೆ ತೊಂದರೆ ಇಲ್ಲ." ಸ್ವಲ್ಪ ಹೊತ್ತು ನಿಂತು, ದನಿ ತಗ್ಗಿಸಿ, "ನಾನಂತೂ ಬೆಂಚಿನ ಮೇಲೆ ಕೂತ್ಕೊಂಡು ಸಾಯ್ತೀನವ್ವ. ನೀವು ಬೇಕಾದ್ರೆ ಬಿ.ಎ. ಇಟ್ಕೊಳ್ಳಿ," ಎಂದರು. ಮುಂದೆ ಯಾರೂ ವಾದ ಮಾಡಲಿಲ್ಲ.

ಹೆಸರು ಬರೆಸಲು ಮೊದಲ ದಿನ ಗಂಡಸರೇ ಸಾಲು ನಿಂತರು, ಬಸ್ಸು ಬರುವ ದಿನ ಹತ್ತಿರವಾಗಿತ್ತು. ಚನ್ನಮಲ್ಲಯ್ಯ ಹೊಸ ಪುಸ್ತಕ ಬಿಚ್ಚಿ ಮೊದಲನೆಯವನನ್ನು, "ಹೆಂಡತಿಯ ಹೆಸರು?" ಎಂದು ಕೇಳಿದ. ಅವನು ಬಾಯಿ ತೆರೆದು ಮುಚ್ಚಿ, "ಒಂದ್ನಿಮಿಷ ಬಂದೆ," ಎಂದು ಹೊರಗೋಡಿದ. ಎರಡನೆಯವನೂ ಹಾಗೇ. ಹನ್ನೆರಡು ಗಂಟೆಯ ಹೊತ್ತಿಗೆ ಬೀದಿಯಲ್ಲಿ ಮನೆಕಡೆ ಹೋಗುವವರೇ ಹೆಚ್ಚಾಗಿದ್ದರು. ರೇವಣ್ಣ ಗಿರಣಿಗೆ ಬಂದು ನನ್ನ ಎದುರು ನಿಂತ. ಹತ್ತೊಂಬತ್ತು ವರ್ಷದಿಂದ ನನ್ನನ್ನು 'ಇವಳೇ' ಎಂದೋ, ಮಗಳು ಹುಟ್ಟಿದ ಮೇಲೆ 'ವಾರಿಜನ ಅಮ್ಮ' ಎಂದೋ ಕರೆದವನು.

"ನಿಮ್ಮಮ್ಮ ನಿನ್ನ ಪಂಕಿ ಅಂತಿದ್ರು," ಎಂದ.

"ಹೌದು."

"ಪೂರ್ತಿ ಏನು? ಪಂಕಜಮ್ಮಾನಾ?"

"ನೀವು ಹಿಟ್ಟು ನೋಡ್ಕೊಳ್ಳಿ ರೀ. ನಾನೇ ಹೋಗಿ ಬರೆಸಿ ಬರ್ತೀನಿ," ಎಂದೆ. ಅವನ ಮುಖ ಸಣ್ಣದಾಯಿತು. ಬೇಜಾರು ಮಾಡಿಕೊಂಡದ್ದಲ್ಲ, ಒಳಗೆ ಏನನ್ನೋ ಹುಡುಕಿ ಸಿಗದವನಂತೆ ನಿಂತ. ನಾನು ಹೊರಟಮೇಲೆ ಬೀದಿಯ ತಿರುವಿನವರೆಗೆ ಬಂದು, "ಪಂಕಜಾಕ್ಷಿ," ಎಂದು ಕೂಗಿದ. ಧಾರೆ ಎರೆಯುವಾಗ ನಮ್ಮಪ್ಪ ಹೇಳಿದ್ದು ನೆನಪಾಗಿತ್ತಂತೆ. ತಿರುಗಿ ನೋಡಬಾರದು ಎಂದುಕೊಂಡೆ, ನೋಡಿದೆ.

ಎರಡನೇ ದಿನದಿಂದ ಹೆಂಗಸರೇ ಹೋದರು. ಚನ್ನಮಲ್ಲಯ್ಯ ತನ್ನ ತಾಯಿಯನ್ನು ಕೂರಿಸಿ ಹೆಸರು ಕೇಳಿದ. ಎಂಬತ್ತಾರು ವರ್ಷದ ಆ ಅಜ್ಜಿಗೆ ನೆನಪಿರಲಿಲ್ಲ. ಆ ಹೆಸರಿನಿಂದ ಕರೆಯುತ್ತಿದ್ದವರೆಲ್ಲ ತೀರಿಕೊಂಡು ಬಹಳ ಕಾಲವಾಗಿತ್ತು. ಮೂರು ದಿನ ಸಮಯ ಕೇಳಿ, ನಾಲ್ಕನೇ ದಿನ ಬಂದು, "ಮುತ್ತಕ್ಕ ಅಂತ ಬರಿಯಪ್ಪ," ಎಂದರು. ನಿಜವಾಗಿ ಅದೇನಾ ಅವ್ವ ಎಂದು ಅವನು ಕೇಳಿದ. "ಅಲ್ಲ ಅನ್ನೋರು ಯಾರಾದ್ರೂ ಇದ್ರೆ ಕರ್ಕೊಂಡು ಬಾ," ಎಂದರು. ಅವನು ಬರೆದ. ಬರೆದ ಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ. ದಿಲ್‌ಮಾಯಾಳ ಸರದಿ ಬಂದಾಗ ಅವಳ ಸರ್ಟಿಫಿಕೇಟನ್ನು ಕಿಟಕಿಯ ಬಿಸಿಲಿಗೆ ಹಿಡಿದು, ತಾನೇ ಹೊಡೆದುಹಾಕಿದ ಕೆಂಪು ಶಾಯಿಯ ಕೆಳಗಿನ ಅಕ್ಷರಗಳನ್ನು ಒಂದೊಂದಾಗಿ ಓದಿ ನಕಲು ಮಾಡಿದ. ಎಲ್ಲ ಮುಗಿದಾಗ ಊರಿನಲ್ಲಿ ಸಾವಿರದ ಇನ್ನೂರ ಹನ್ನೆರಡು ಹೆಂಗಸರಿದ್ದರು. ವರ್ಗಾವಣೆಯ ಆದೇಶವನ್ನು ಅವನು, ಈ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ ಎಂದು ಷರಾ ಬರೆದು ವಾಪಸು ಕಳಿಸಿದ. ಖಾಲಿಯಾದ ಹುದ್ದೆಗೆ ದಿಲ್‌ಮಾಯಾ ತನ್ನ ಹೆಸರಿನಲ್ಲೇ ಅರ್ಜಿ ಹಾಕಿದಳು.

ಜೂನ್‌ನಲ್ಲಿ ಒಂದನೇ ತರಗತಿಗೆ ಹನ್ನೊಂದು ಹುಡುಗರು, ನೂರಾ ಎಂಬತ್ತಾರು ಹೆಂಗಸರು ಸೇರಿದೆವು. ಎಲ್ಲರಿಗಿಂತ ಚಿಕ್ಕವಳಿಗೆ ಐದೂವರೆ, ಎಲ್ಲರಿಗಿಂತ ದೊಡ್ಡವರು ಮುತ್ತಕ್ಕ. ವಾರಿಜಳಿಗೆ ಕೋಪ. ವರ್ಗಮೂಲ ಬರುವವಳು 'ಅಗಸ' ಬರೆಯಬೇಕಾಗಿತ್ತು. ಮೂರು ತಿಂಗಳಿಗೊಂದು ಪರೀಕ್ಷೆ ಕಟ್ಟಿ ಮೇಲೆ ಹೋಗಬಹುದೆಂದು ದಿಲ್‌ಮಾಯಾ ಹೇಳಿದ ಮೇಲೆ ತಣ್ಣಗಾದಳು. ಅರ್ಜಿಯ ಕೊನೆಯಲ್ಲಿ ಒಂದು ಕಾಲಂ ಇತ್ತು, ಓದುಬರಹ ಬಲ್ಲ ಪೋಷಕರ ಸಹಿ. ಗಂಡಂದಿರು ಪೆನ್ನು ಹಿಡಿದು ಬಂದೇ ಇದ್ದರು. ರೇವಣ್ಣ ತಲೆ ಬಾಚಿಕೊಂಡು ಬಂದಿದ್ದ. ಅಷ್ಟರಲ್ಲಿ ಬೂಬಮ್ಮ ತಮ್ಮ ಅರ್ಜಿಯನ್ನು ದಿಲ್‌ಮಾಯಾಳ ಮುಂದೆ ಇಟ್ಟರು. ಅವರಿಗೆ ಗಂಡ ಇರಲಿಲ್ಲ. ಅವರ ಹಿಂದೆ ನಾನು ನನ್ನದನ್ನೂ ವಾರಿಜಳದನ್ನೂ ಇಟ್ಟೆ. ಆಮೇಲೆ ಯಾರೂ ಬೇರೆ ಕಡೆ ಹೋಗಲಿಲ್ಲ. ದಿಲ್‌ಮಾಯಾ ಹತ್ತೂವರೆಗೆ ಕೂತವಳು ಮಧ್ಯಾಹ್ನ ಎರಡರವರೆಗೂ ಸಹಿ ಹಾಕಿದಳು. ನೂರಾ ಎಂಬತ್ತಾರು ಸಲ ತನ್ನ ಹೆಸರು ಬರೆದಳು, ಒಂದು ಸಲವೂ ಚಿಕ್ಕದು ಮಾಡಲಿಲ್ಲ. ನಾನು ಪಕ್ಕದಲ್ಲಿ ಕೂತು ಒಂದೊಂದನ್ನೂ ಒಣಗಿಸಿ ಜೋಡಿಸಿಟ್ಟೆ. ಕೊನೆಗೆ ಬೆರಳು ಮಡಚಲಾರದೆ ನಕ್ಕಳು. "ಇದರದು ಒಂದು ಫೋಟೋ ಊರಿಗೆ ಕಳಿಸ್ತೀನಿ ದೀದಿ. ಅಮ್ಮನಿಗೆ ಹೆಸರು ಎಲ್ಲಿದೆ ಅಂತ ಹುಡುಕೋ ಕಷ್ಟ ಇಲ್ಲ," ಎಂದಳು.

ಆ ವರ್ಷದ ಜಿಲ್ಲಾ ವರದಿ ಆಗಸ್ಟಿನಲ್ಲಿ ಬಂತು. ಹಿಂದಿನ ವರ್ಷದ ವರದಿಯಲ್ಲಿ ನಮ್ಮೂರಿನ ಮಹಿಳಾ ಸಾಕ್ಷರತೆ ಶೇಕಡಾ ನೂರು ಇತ್ತು, ಅದಕ್ಕಾಗಿ ಪುರಸಭೆಗೆ ಒಂದು ಶಾಲು ಸಿಕ್ಕಿತ್ತು. ಈ ಸಲ ಸಾವಿರದ ಇನ್ನೂರ ಹನ್ನೆರಡು ಹೆಂಗಸರಲ್ಲಿ ಸಾಕ್ಷರೆ ಒಬ್ಬಳು, ಶೇಕಡಾ 0.82, ಅತ್ಯಂತ ಕಳವಳಕಾರಿ, ಮಹಿಳೆಯರಲ್ಲಿ ಓದಿನ ಬಗ್ಗೆ ಅರಿವು ಮೂಡಿಸಬೇಕು ಎಂದಿತ್ತು. ಅನಂತಶಯನರು ಅದನ್ನು ತಂದು ಒಂದನೇ ತರಗತಿಯ ಮುಂದೆ ಗಂಭೀರವಾಗಿ ಓದಿದರು. ಮೂರನೇ ಬೆಂಚಿನಿಂದ ಬೂಬಮ್ಮ ಕೈ ಎತ್ತಿದರು. ಅಪ್ಪಣೆ ಸಿಕ್ಕಮೇಲೆ ನಿಧಾನಕ್ಕೆ ಎದ್ದು, ಸೊಂಟ ಹಿಡಿದುಕೊಂಡು ಬೋರ್ಡಿನವರೆಗೆ ನಡೆದು, ಸೀಮೆಸುಣ್ಣ ತೆಗೆದುಕೊಂಡು ಭಾಗಾಕಾರ ಮಾಡಿ ತೋರಿಸಿದರು. "ಬಿಂದು ಆದಮೇಲೆ ಇನ್ನೊಂದು ಸೊನ್ನೆ ಬರಬೇಕು ಸಾರ್. ನಾವು ಇನ್ನೂ ಹತ್ತು ಪಾಲು ದಡ್ಡರು," ಎಂದರು. ಹೆಡ್‌ಮಾಸ್ಟರ್ ಬೋರ್ಡನ್ನು ನೋಡಿದರು, ಕಾಗದವನ್ನು ನೋಡಿದರು, ಕಿಸೆಯಿಂದ ಪೆನ್ನು ತೆಗೆದು ಸೊನ್ನೆ ಸೇರಿಸಿಕೊಂಡರು.